ಫಾರ್ಮಿಕ್, ಅಸಿಟಿಕ್, ಆಕ್ಸಾಲಿಕ್: ಯಾವುದನ್ನು ತಗೊಳ್ಳೋದು?

ವಿದ್ಯುದಾವೇಶವಿರುವ ಆಮ್ಲಗೊಂಚಲುಗಳ (ಒಟ್ಟಿಗೆ ಅಂಟಿಕೊಂಡ ಕೆಲವೇ ಆಮ್ಲದ ಅಣುಗಳ ಗುಂಪು) ತೂಕ ಅಳೆಯುವ ಪ್ರಯೋಗಕ್ಕೆ ಯಾವ ಆಮ್ಲ ಒಳ್ಳೆಯದು ಅಂತ ಕೇಳಿದ್ದಿರಿ.

ಆವಿ ಮಾಡಿ ಬಿಡುವುದಾದರೆ ಫಾರ್ಮಿಕ್ ಅಥವಾ ಅಸಿಟಿಕ್. ಆಕ್ಸಾಲಿಕ್ ಜಾಸ್ತಿ ಕಾಯಿಸಿದರೆ ಒಡೆದುಹೋಗುತ್ತದೆ. ಅದಕ್ಕೆ ಎಲೆಕ್ಟ್ರೋಸ್ಪ್ರೇ (ದ್ರಾವಣವನ್ನು ಹೆಚ್ಚು ವೋಲ್ಟೇಜಿನಲ್ಲಿ ಆವೇಶದ ಹನಿಗಳಾಗಿ ಸಿಂಪಡಿಸುವ ಸಾಧನ) ಇದ್ದರೆ ಮಾತ್ರ ಕೈಹಾಕಿ. ಋಣಾವೇಶದ ಗೊಂಚಲೇ ಬೇಕೆನ್ನುವವರಿಗೆ ನನ್ನ ಮತ ಆಕ್ಸಾಲಿಕ್‌ಗೇ.

ಸ್ಥಿರತೆ ನೋಡಲು ಫಾರ್ಮಿಕ್ ಚೆಂದ. ಪ್ರೋಟಾನು ಹೊತ್ತ ಗೊಂಚಲಿನ ತೂಕ 47, 93, 139 ಹೀಗೆ ಒಂದು ಅಣುವಿನ ತೂಕವಾದ 46ರ ಹೆಜ್ಜೆಯಲ್ಲಿ ಬೆಳೆಯುತ್ತದೆ. ನೀರಿನ ಅಣು ಸೇರಿದಾಗ 249ರ ಶಿಖರ ಎದ್ದು ಕಾಣುತ್ತದೆ: ಒಂದು ಹೈಡ್ರೋನಿಯಂ (ಪ್ರೋಟಾನು ಹೊತ್ತ ನೀರಿನ ಅಣು) ಜೊತೆ ಐದು ಆಮ್ಲದ ಅಣುಗಳ ಗಟ್ಟಿ ಕೂಟ. ಅಸಿಟಿಕ್‌ದು 60ರ ಹೆಜ್ಜೆ.

ಕೊಳವೆ ತೊಳೆದದ್ದು ಯಾವುದರಲ್ಲಿ? ಎಥನಾಲ್ ತೂಕವೂ 46, ಐಸೊಪ್ರೊಪನಾಲ್‌ದೂ 60, ಕೊಳವೆಯಲ್ಲಿ ಉಳಿದದ್ದನ್ನೇ ಆಮ್ಲ ಅಂದುಕೊಂಡು ಮೋಸಹೋಗಬೇಡಿ.

ಶೇಖರಣೆಯಲ್ಲಿ ಅಸಿಟಿಕ್ ವಾಸಿ, 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಷ್ಟೆ. ಗಾಢ ಫಾರ್ಮಿಕ್ ನಿಧಾನಕ್ಕೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಗಾಳಿಯಾಡುವ ಮುಚ್ಚಳವೇ ಇರಲಿ.