ಕಡಲೆಕಾಯಿ ಪರಿಷೆಗೋ, ಘಾಟಿ ದನಗಳ ಜಾತ್ರೆಗೋ?

ಒಂದು ದಿನ ಬಿಡುವು ಮಾಡಿಕೊಂಡು ಜಾತ್ರೆ ಸುತ್ತಬೇಕು ಅನ್ನುವ ಬೆಂಗಳೂರಿನವರ ಮುಂದೆ ಇವೆರಡೂ ಇವೆ.

ಬಸವನಗುಡಿಯ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೆದರೆ ಆಯ್ತು. ಹಸಿ, ಹುರಿದ, ಬೇಯಿಸಿದ ಕಾಯಿ ರಾಶಿ ರಾಶಿ. ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳುವ ಖುಷಿಯೇ ಬೇರೆ. ಆದರೆ ಸಂಜೆ ಕಾಲಿಡಲು ಜಾಗ ಇರಲ್ಲ. ಬೆಳಗ್ಗೆಯೇ ಹೋಗಿ.

ಘಾಟಿ ಸುಬ್ರಹ್ಮಣ್ಯ ಇರುವುದು ದೊಡ್ಡಬಳ್ಳಾಪುರದ ಆಚೆ, ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ದನಗಳ ಜಾತ್ರೆ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಸೇರುತ್ತದೆ. ಹೊರಡುವ ಮುಂಚೆ ದಿನಾಂಕ ವಿಚಾರಿಸಿಕೊಳ್ಳಿ. ಇಲ್ಲಿ ಕಣ್ತುಂಬಾ ನೋಡಬೇಕಾದ್ದು ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳನ್ನು. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಕೊರಳಲ್ಲಿ ಗೆಜ್ಜೆ. ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ವಯಸ್ಸು ಗೊತ್ತಾಗುವುದು ಅದರಿಂದಲೇ. ಚೌಕಾಸಿ ಟವೆಲ್ ಕೆಳಗೆ, ಬೆರಳು ಹಿಡಿದು. ಪಕ್ಕದವರಿಗೂ ಬೆಲೆ ಗೊತ್ತಾಗಲ್ಲ!

ಅರ್ಧ ದಿನ ಮಾತ್ರ ಇದ್ದರೆ ಪರಿಷೆ. ನಿಧಾನವಾಗಿ ಸುತ್ತಬೇಕು, ಜೊತೆಗೆ ಮಕ್ಕಳಿದ್ದಾರೆ ಅಂದ್ರೆ ನಾನಂತೂ ಘಾಟಿಗೇ ಹೋಗಿ ಅನ್ನುತ್ತೇನೆ. ಪೇಟೆ ಮಕ್ಕಳಿಗೆ ಎತ್ತಿನ ಉಸಿರು ತಾಕುವಷ್ಟು ಹತ್ತಿರ ನಿಲ್ಲೋದು ಎಲ್ಲಿ ಸಿಗುತ್ತೆ, ಅಲ್ವಾ? ಬಯಲಲ್ಲಿ ಬಿಸಿಲು ಜಾಸ್ತಿ, ಟೋಪಿ ಮತ್ತು ನೀರು ಇಟ್ಟುಕೊಳ್ಳಿ.