ಮಕ್ಕಳ ಜೊತೆ ಮಂಗಳೂರಲ್ಲಿ: ಕದ್ರಿ ಪಾರ್ಕೋ, ಪಿಲಿಕುಳವೋ, ತಣ್ಣೀರುಬಾವಿಯೋ?

ರಜೆಯಲ್ಲಿ ಮಂಗಳೂರಿಗೆ ಹೋದರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಯಾರು ಕೇಳಿದರೂ ನನ್ನ ಉತ್ತರ ಕದ್ರಿ ಪಾರ್ಕ್. ಪಿಲಿಕುಳ ಅದಕ್ಕಿಂತ ಎಷ್ಟೋ ದೊಡ್ಡದು, ನಿಜ. ತಣ್ಣೀರುಬಾವಿಯಲ್ಲಿ ಸಮುದ್ರವೇ ಉಂಟು. ಆದರೂ ಕದ್ರಿಯೇ. ನಮ್ಮದು ಕಾರಿಲ್ಲದ ಸಂಸಾರ. ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು. ಬೇಸಿಗೆ ರಜೆಗೆ ಬೆಂಗಳೂರಿಂದ ಬಂದು ಬಿಜೈಯಲ್ಲಿ ಅತ್ತೆ ಮನೆಯಲ್ಲಿ ಉಳಿಯುತ್ತೇವೆ. ಹಾಗಾಗಿ ಈ ಲೆಕ್ಕ ಎಲ್ಲರಿಗೂ ಒಗ್ಗಲಿಕ್ಕಿಲ್ಲ.

ಮೊದಲು ಪಿಲಿಕುಳದ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹುಲಿ, ಕಾಳಿಂಗ ಸರ್ಪ ಇರುವ ಮೃಗಾಲಯ, ದೋಣಿ ಹೋಗುವ ಕೆರೆ, ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ 3ಡಿ ತಾರಾಲಯ, ಹಳೆಯ ಕಾಲದ ಗುತ್ತಿನ ಮನೆ (ತುಳುನಾಡಿನ ಊರ ಯಜಮಾನರ ದೊಡ್ಡ ಮನೆ), ಎಲ್ಲವೂ ಒಂದೇ ಆವರಣದಲ್ಲಿ. ಓದುವ ವಯಸ್ಸಿನ ಮಕ್ಕಳಿಗೆ ಇಷ್ಟನ್ನು ಒಟ್ಟಿಗೆ ತೋರಿಸುವ ಜಾಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ನನ್ನ ಮಗ ಕಾಳಿಂಗದ ಮುಂದೆ ನಿಂತವನು ಅದು ಹೆಡೆ ಎತ್ತುತ್ತದಾ ಅಂತ ಉಸಿರು ಹಿಡಿದು ಕಾದ.

ತೊಂದರೆ ಇರುವುದು ಹೋಗಿ ಬರುವುದರಲ್ಲಿ. ಕಾರಿಲ್ಲದವರು ಮೂಡುಬಿದಿರೆ ರಸ್ತೆಯಲ್ಲಿ ವಾಮಂಜೂರಿನವರೆಗೆ ಬಸ್ಸಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಹಿಡಿಯಬಹುದು. ಹೋಗುವಾಗ ಏನೂ ಕಷ್ಟ ಇಲ್ಲ. ಮಕ್ಕಳಿಗೆ ಉತ್ಸಾಹ, ಬಾಟಲಿಯಲ್ಲಿ ನೀರು, ಚೀಲದಲ್ಲಿ ಬಾಳೆಹಣ್ಣು. ಇಳಿಯುವಾಗ ರಿಕ್ಷಾದವರು ಕೇಳಿದರು, "ವಾಪಸ್ ಹೋಗ್ಲಿಕ್ಕೆ ರಿಕ್ಷಾ ಸಿಗುದು ಕಷ್ಟ, ನಾನು ಕಾಯುದಾ?" ನಾವು ಬೇಡ ಅಂದೆವು. ಮಕ್ಕಳು ಎಷ್ಟು ಹೊತ್ತು ನೋಡುತ್ತಾರೋ ಯಾರಿಗೆ ಗೊತ್ತು, ಅಲ್ವಾ? ಮೃಗಾಲಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಮಗಳ ಕಾಲು ಸೋತಿತು. ಮೇ ತಿಂಗಳ ಸೆಖೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಗನಿಗೆ ಕೆರೆಯ ದೋಣಿ ಬೇಕು, ಮಗಳು ದಾರಿಯಲ್ಲೇ ಕೂತು "ಎತ್ಕೋ" ಅಂತಾಳೆ. 350 ಎಕರೆಗಿಂತ ಜಾಸ್ತಿ ಜಾಗ ಅದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದೇ ಒಂದು ಕೆಲಸ.

ಹೊರಗೆ ಬಂದ ಮೇಲೆ ರಿಕ್ಷಾ ಇಲ್ಲ. ಬಂದವುಗಳಲ್ಲೆಲ್ಲ ಜನ. ಮಗಳು ಹೆಗಲ ಮೇಲೆ ನಿದ್ದೆ ಹೋದಳು. ನಿದ್ದೆ ಹೋದ ಮಗುವಿನ ಭಾರ ಎತ್ತಿದವರಿಗೇ ಗೊತ್ತು. ಮಗನ ಮುಖ ಕೆಂಪಾಗಿತ್ತು, ತಾರಾಲಯದ ಮಾತನ್ನೇ ಬಿಟ್ಟುಬಿಟ್ಟಿದ್ದ.

ಮುಂದಿನ ರಜೆಯಲ್ಲಿ ಇದನ್ನೇ ಯೋಚಿಸಿ ರಿಕ್ಷಾ ನಿಲ್ಲಿಸಿಕೊಂಡೆವು. ಆಗ ಇನ್ನೊಂದು ತಲೆನೋವು. ಹೊರಗೆ ಒಬ್ಬರು ಕಾಯುತ್ತಿದ್ದಾರೆ, ಕಾದಷ್ಟೂ ದುಡ್ಡು ಏರುತ್ತದೆ. ಮಗ ಹಾವಿನ ಹತ್ತಿರ ನಿಂತರೆ ನಾನು ಕೈ ಹಿಡಿದು ಎಳೆದೆ. ನೋಡಲಿ ಅಂತ ಕರೆದುಕೊಂಡು ಹೋಗಿ ನೋಡಲು ಬಿಡದಿದ್ದರೆ ಏನು ಬಂತು? ಮೃಗಾಲಯಕ್ಕೆ, ತಾರಾಲಯಕ್ಕೆ, ದೋಣಿಗೆ ಬೇರೆ ಬೇರೆ ಟಿಕೆಟ್. ಅದರ ಮೇಲೆ ರಿಕ್ಷಾ. ಎಲ್ಲ ಕೂಡಿಸಿದರೆ ನಮ್ಮಂಥವರಿಗೆ ರಜೆಗೊಮ್ಮೆ ಸಾಕು. ಸೋಮವಾರ ಮೃಗಾಲಯಕ್ಕೆ ರಜೆ, ಅದೂ ನೆನಪಿರಲಿ.

ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ಹೋದೆವು. ಮಕ್ಕಳಿಗೆ ಆ ದೋಣಿಯೇ ಹಬ್ಬ. ಆಚೆ ದಡದಲ್ಲಿ ಮರಗಳ ಪಾರ್ಕ್ ಉಂಟು, ನೆರಳು ಉಂಟು. ಆದರೆ ಅಲೆಯ ಸದ್ದು ಕೇಳಿದ ಮೇಲೆ ಯಾವ ಮಗು ಮರ ನೋಡುತ್ತದೆ? ನೀರಿನ ಅಂಚಿನಲ್ಲಿ ಒಂದು ಕ್ಷಣ ಕಣ್ಣು ತಪ್ಪಿಸುವ ಹಾಗಿಲ್ಲ. ದೊಡ್ಡವರು ಇಬ್ಬರು ಮೂವರು ಇದ್ದರೆ ಹೋಗಿ. ಮಳೆಗಾಲದಲ್ಲಂತೂ ಸಮುದ್ರಕ್ಕೆ ಇಳಿಸಲೇಬೇಡಿ.

ಇನ್ನು ಕದ್ರಿ. ಬಿಜೈಯಿಂದ ಹತ್ತಿರ. ಮಧ್ಯಾಹ್ನ ಮಗಳು ನಿದ್ದೆ ಮುಗಿಸಿ ಎದ್ದು, ಹಾಲು ಕುಡಿದು, ಬಿಸಿಲು ಇಳಿದ ಮೇಲೆ ಹೊರಟರೆ ಸಾಕು. ಬೇಜಾರಾದರೆ ತಕ್ಷಣ ಮನೆಗೆ. ಹಿಂದೆ ಇಲ್ಲೇ ಜಿಂಕೆಗಳಿದ್ದವು, ಆಮೇಲೆ ಪಿಲಿಕುಳಕ್ಕೆ ಹೋದವು ಅಂತ ಅತ್ತೆ ಮೊಮ್ಮಕ್ಕಳಿಗೆ ಹೇಳುತ್ತಾರೆ. ಅವರಿಗೆ ಮಂಡಿ ನೋವು. ಆದರೂ ಇಲ್ಲಿಗೆ ಬರುತ್ತಾರೆ, ಬೆಂಚಲ್ಲಿ ಕೂತು ಮಕ್ಕಳ ಮೇಲೆ ಕಣ್ಣಿಡುತ್ತಾರೆ. ನನಗೆ ಅದೇ ದೊಡ್ಡ ಅನುಕೂಲ. ಪಿಲಿಕುಳಕ್ಕೆ ಅವರು ಬರುವ ಮಾತೇ ಇಲ್ಲ.

ಮಗಳಿಗೆ ಪ್ರಾಣಿಗಳಿಲ್ಲ ಅಂತ ಬೇಸರ ಆಗಲೇ ಇಲ್ಲ. ಒಂದು ಸಂಜೆ ಅವಳಿಗೆ ಮರದಲ್ಲಿ ಚಗಳಿ, ಅಂದರೆ ಮರದ ಕೆಂಪು ಇರುವೆಯ ಗೂಡು ಕಂಡಿತು. ಎಲೆ ಎಲೆ ಸೇರಿಸಿ ಬಿಳಿ ನೂಲಿನಿಂದ ಹೊಲಿದ ಹಾಗಿತ್ತು. ಒಂದು ಚಗಳಿ ಸತ್ತ ನೊಣವನ್ನು ಎಳೆಯುತ್ತಾ ಕಾಂಡ ಹತ್ತುತ್ತಿತ್ತು, ಮಧ್ಯೆ ಇನ್ನೆರಡು ಬಂದು ಕೈಜೋಡಿಸಿದವು. ಅದು ಗೂಡು ಮುಟ್ಟುವವರೆಗೆ ಮಗಳು ಕದಲಲಿಲ್ಲ. ಯಾರೂ ಅವಳನ್ನು ಎಳೆಯಲಿಲ್ಲ.

ಮಗನಿಗೆ ಸುಮ್ನೆ ಆಡಿ ಸಾಕಾದರೆ ಕದ್ರಿ ಮಂಜುನಾಥ ದೇವಸ್ಥಾನ ಹತ್ತಿರವೇ. ಹಿಂದೆ ಕೆರೆಗಳು, ಒಳಗೆ 968ನೇ ಇಸವಿಯ ಶಾಸನ ಇರುವ ಲೋಕೇಶ್ವರನ ಕಂಚಿನ ವಿಗ್ರಹ. ಮೂರು ಮುಖ, ಆರು ಕೈ. ಮಗ ಎಣಿಸಿ ಎಣಿಸಿ ನೋಡಿದ. ಬರುವಾಗ ಚರುಮುರಿ, ಮನೆಯಲ್ಲಿ ಊಟ.

ಜನವರಿಯಲ್ಲಿ ಬರುವವರಿಗೆ ಗಣರಾಜ್ಯೋತ್ಸವದ ಹೊತ್ತಿಗೆ ಕದ್ರಿಯಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ, ಆಗ ಜನ ಜಾಸ್ತಿ.

ತಾರಾಲಯ ಮಾತ್ರ ಮಗನಿಗೆ ಬಾಕಿ ಉಳಿದಿದೆ. ಬರುವ ರಜೆಯಲ್ಲಿ ಅವನೊಬ್ಬನನ್ನೇ ಅಪ್ಪನ ಜೊತೆ ಬೆಳಿಗ್ಗೆಯೇ ಪಿಲಿಕುಳಕ್ಕೆ ಕಳಿಸುತ್ತೇನೆ. ಇಬ್ಬರೇ ಆದರೆ ರಿಕ್ಷಾ ಸಿಗದಿದ್ದರೂ ವಾಮಂಜೂರಿಗೆ ನಡೆದುಕೊಂಡು ಬರಬಹುದು. ನಾನು, ಮಗಳು, ಅತ್ತೆ ಸಂಜೆ ಕದ್ರಿಗೆ.