ಅರಿಶಿನ, ಶಂಖಪುಷ್ಪ, ದಾಸವಾಳ: ಮಕ್ಕಳ ಜೊತೆ ಹುಳಿ-ಕ್ಷಾರ ಪರೀಕ್ಷೆಗೆ ಯಾವುದು ಒಳ್ಳೆಯದು?

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ವಿಜ್ಞಾನದ ಕಿಟ್ ತರಿಸಿದ್ದೆ. 500 ರೂಪಾಯಿ ಚಿಲ್ಲರೆ ಆಯಿತು. ಅದರಲ್ಲಿ ಹುಳಿ ಯಾವುದು, ಕ್ಷಾರ ಯಾವುದು ಅಂತ ನೋಡುವ ಬಣ್ಣದ ಕಾಗದದ ಪಟ್ಟಿಗಳಿದ್ದವು. ಎಣಿಸಿ 20. ನನ್ನ ಮಗಳಿಗೆ 10 ವರ್ಷ, ಮಗನಿಗೆ 6. ಇಬ್ಬರೂ ಸೇರಿ ಅರ್ಧ ಗಂಟೆಯಲ್ಲಿ ಪಟ್ಟಿಗಳನ್ನೆಲ್ಲ ಮುಗಿಸಿದರು. ಆಮೇಲೆ ಮಗ ಉಪ್ಪಿನಕಾಯಿ ಜಾಡಿ ಹಿಡಿದುಕೊಂಡು ಬಂದ. "ಅಮ್ಮ, ಇದನ್ನ ನೋಡೇ ಇಲ್ಲ ಅಲ್ವಾ?" ನೋಡಲು ಒಂದು ಪಟ್ಟಿಯೂ ಉಳಿದಿರಲಿಲ್ಲ.

ಹಾಗಾಗಿ ಮನೆಯಲ್ಲೇ ಸಿಗುವ ಬಣ್ಣಗಳಿಂದ ಇದೇ ಕೆಲಸ ಮಾಡೋಣ ಅಂತ ಕೂತೆವು. ಐದು ಭಾನುವಾರ ಹಿಡಿಯಿತು. ಅರಿಶಿನ, ಶಂಖಪುಷ್ಪ, ಬೀಟ್‌ರೂಟ್, ದ್ರಾಕ್ಷಿ ಸಿಪ್ಪೆ, ದಾಸವಾಳ ಎಲ್ಲವನ್ನೂ ನೋಡಿದೆವು. ಹೋಲಿಕೆ ಸರಿಯಾಗಿರಲಿ ಅಂತ ಪ್ರತಿ ಸಲವೂ ಅದೇ ವಸ್ತುಗಳನ್ನು ಇಟ್ಟುಕೊಂಡೆವು: ನಿಂಬೆ ರಸ, ಮಜ್ಜಿಗೆ, ಅಡುಗೆ ಸೋಡದ ನೀರು, ಬಟ್ಟೆ ಸೋಪಿನ ನೀರು, ಶಾಂಪೂ, ಎಲೆ-ಅಡಿಕೆಗೆ ಹಾಕುವ ಸುಣ್ಣದ ತಿಳಿ. ಕೆಮ್ಮಿನ ಸಿರಪ್ ಬಾಟಲಿಗಳ ಮೇಲೆ ಬರುತ್ತಲ್ಲ, ಆ ಪಾರದರ್ಶಕ ಅಳತೆ ಮುಚ್ಚಳಗಳು ನಮ್ಮ ಪುಟ್ಟ ಲೋಟಗಳು. ಕೆಳಗೆ ಬಿಳಿ ಹಾಳೆ ಹಾಸಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಸ್ಟೀಲ್ ಲೋಟದಲ್ಲಿ ಏನೂ ಕಾಣುವುದಿಲ್ಲ, ಅದಕ್ಕೆ ಹೋಗಬೇಡಿ.

ಮೊದಲು ಅರಿಶಿನ. ಒಂದು ಚಮಚ ಅರಿಶಿನದ ಪುಡಿಯನ್ನು ನೀರಲ್ಲಿ ಕಲಸಿ ಡ್ರಾಯಿಂಗ್ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿದೆವು. ಬಿಸಿಲಲ್ಲಿ ಇಟ್ಟರೆ ಅರಿಶಿನದ ಬಣ್ಣ ಮಂಕಾಗುತ್ತದೆ. ಬಟ್ಟೆ ಮೇಲಿನ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವುದು ಎಲ್ಲರಿಗೂ ಗೊತ್ತಿರುವುದೇ. ಒಣಗಿದ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಎಷ್ಟು ಬೇಕಾದರೂ ಸಿಗುತ್ತವೆ. ಸೋಪಿನ ನೀರಲ್ಲಿ ಬೆರಳು ಅದ್ದಿ ಮುಟ್ಟಿದ ತಕ್ಷಣ ಹಳದಿ ಹೋಗಿ ಇಟ್ಟಿಗೆ ಕೆಂಪು. ಸೋಡಕ್ಕೂ ಕೆಂಪು, ಸುಣ್ಣಕ್ಕಂತೂ ಗಾಢ ಕೆಂಪು. ಆ ಕೆಂಪಿನ ಮೇಲೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಮಗ ಇದನ್ನು ಎಷ್ಟು ಸಲ ಮಾಡಿದ ಅಂತ ಲೆಕ್ಕ ಇಡಲಿಲ್ಲ.

ನಮ್ಮ ಅತ್ತೆ ಪಕ್ಕದಲ್ಲೇ ಹೂ ಕಟ್ಟುತ್ತಾ ನೋಡುತ್ತಿದ್ದರು. "ಆರತಿ ನೀರು ಹಿಂಗೇ ಅಲ್ವೇನಮ್ಮ ಮಾಡೋದು? ಅರಿಶಿನಕ್ಕೆ ಸುಣ್ಣ" ಅಂದರು. ಮಗಳು ಕೈಯಲ್ಲಿದ್ದ ಪಟ್ಟಿಯನ್ನು ಅಲ್ಲೇ ಬಿಟ್ಟು ಅಜ್ಜಿಯ ಮುಖ ನೋಡಿದಳು. ತಮ್ಮನ ನಾಮಕರಣದಲ್ಲಿ ತಟ್ಟೆಯಲ್ಲಿದ್ದ ಕೆಂಪು ನೀರು ಕುಂಕುಮದ ನೀರು ಅಂತಲೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಆವತ್ತು ಅಜ್ಜಿಯೇ ಮೇಷ್ಟ್ರು.

ಅರಿಶಿನದಲ್ಲಿ ಒಂದು ಕೊರತೆ ಇದೆ. ಅದರ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಪಿಎಚ್ ಅಂದರೆ ಹುಳಿ-ಕ್ಷಾರ ಅಳೆಯುವ ಅಂಕಿ; 7 ಇದ್ದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲದ ತಟಸ್ಥ, ಕೆಳಗೆ ಹುಳಿ, ಮೇಲೆ ಕ್ಷಾರ. ಅದು ಸುಮಾರು 7.4 ದಾಟಿದ ಮೇಲೆ ಕರ್ಕ್ಯುಮಿನ್ ಕೆಂಪಾಗಲು ಶುರುವಾಗಿ 8.6ರ ಹೊತ್ತಿಗೆ ಪೂರ್ತಿ ಆಗುತ್ತದೆ. ಅದಕ್ಕಿಂತ ಕೆಳಗೆ ಎಲ್ಲವೂ ಹಳದಿಯೇ. ನಿಂಬೆ ರಸವೂ ಹಳದಿ, ಮಜ್ಜಿಗೆಯೂ ಹಳದಿ, ಶಾಂಪೂ ಕೂಡ ಹಳದಿ. ಅಂದರೆ ಕ್ಷಾರ ಇದೆಯೋ ಇಲ್ಲವೋ ಅಂತ ಹೇಳುತ್ತದೆಯೇ ಹೊರತು ಹುಳಿಯ ಬಗ್ಗೆ ಬಾಯೇ ಬಿಡುವುದಿಲ್ಲ. ಉಪ್ಪಿನಕಾಯಿ ಹಿಡಿದುಕೊಂಡು ಬಂದಿದ್ದ ಮಗನಿಗೆ ಉತ್ತರ ಸಿಗಲಿಲ್ಲ. ಆದರೆ ಬಟ್ಟೆ ಸೋಪಿಗೆ ಕೆಂಪಾದ ಕಾಗದ ಶಾಂಪೂಗೆ ಯಾಕೆ ಆಗಲಿಲ್ಲ ಅನ್ನುವ ಪ್ರಶ್ನೆಯೊಂದು ಚೆನ್ನಾಗಿ ಬಂತು. ಶಾಂಪೂಗಳನ್ನು ಕೂದಲಿಗೆ ಹೊಂದುವ ಹಾಗೆ ಸಾಮಾನ್ಯವಾಗಿ ತಟಸ್ಥಕ್ಕೆ ಹತ್ತಿರ, ಸ್ವಲ್ಪ ಹುಳಿ ಕಡೆಗೇ ತಯಾರಿಸುತ್ತಾರೆ. ಬಟ್ಟೆ ಸೋಪು ಕ್ಷಾರ.

ಎರಡನೇ ವಾರ ಶಂಖಪುಷ್ಪ. ಪಕ್ಕದ ಮನೆಯ ಕಾಂಪೌಂಡಿಗೆ ಹಬ್ಬಿರುವ ಬಳ್ಳಿಯಿಂದ ಕೇಳಿ ಒಂದು ಹಿಡಿ ಹೂ ತಂದೆವು. ಬಿಸಿನೀರಿಗೆ ಹಾಕಿದ ಐದೇ ನಿಮಿಷಕ್ಕೆ ಶಾಯಿಯಂಥ ನೀಲಿ. ನಿಂಬೆ ಎರಡು ಹನಿಗೆ ನೇರಳೆ, ಇನ್ನೂ ಹಿಂಡಿದರೆ ಗುಲಾಬಿ. ಸೋಡಕ್ಕೆ ನವಿಲಿನ ಬಣ್ಣ. ಸುಣ್ಣದ ತಿಳಿಗೆ ಹಸಿರಾಗಿ, ಹಾಗೇ ಬಿಟ್ಟರೆ ನಿಧಾನಕ್ಕೆ ಹಳದಿಗೆ ತಿರುಗಿತು. ಹಳದಿ ಆದಮೇಲೆ ಎಷ್ಟು ನಿಂಬೆ ಹಿಂಡಿದರೂ ಮೊದಲಿನ ಬಣ್ಣ ಬರಲಿಲ್ಲ. ಜೋರು ಕ್ಷಾರದಲ್ಲಿ ಆ ಬಣ್ಣದ ವಸ್ತು, ಆಂಥೋಸಯನಿನ್, ಒಡೆದೇ ಹೋಗುತ್ತದೆ. ಬಣ್ಣ ಬದಲಾಗುವುದು ಬೇರೆ, ಬಣ್ಣ ಹಾಳಾಗುವುದು ಬೇರೆ ಅಂತ ತೋರಿಸಲು ಇದಕ್ಕಿಂತ ಚೆನ್ನಾದ್ದು ನನಗೆ ಸಿಕ್ಕಿಲ್ಲ.

ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ, ಒಪ್ಪಿಕೊಳ್ಳುತ್ತೇನೆ. ಹೂ ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. 1664ರಲ್ಲಿ ರಾಬರ್ಟ್ ಬಾಯ್ಲ್ ಅನ್ನುವ ವಿಜ್ಞಾನಿ ವಯೊಲೆಟ್ ಹೂವಿನ ಪಾಕ ಹುಳಿಗೆ ಕೆಂಪು, ಕ್ಷಾರಕ್ಕೆ ಹಸಿರು ಆಗುತ್ತದೆ ಅಂತ ಬರೆದಿದ್ದ. ಅದನ್ನು ಮಗಳಿಗೆ ಹೇಳಿದಾಗ "ಅವರ ಮನೇಲೂ ಕಾಂಪೌಂಡಿಗೆ ಹೂ ಇತ್ತಾ?" ಅಂತ ಕೇಳಿದಳು. ಇಷ್ಟಾದರೂ ನನಗೆ ಇದು ಒಂದನೇ ಸ್ಥಾನಕ್ಕೆ ಬರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಬೀಟ್‌ರೂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಂಬೆಗೂ ಅದೇ ಕೆಂಪು, ಮಜ್ಜಿಗೆಗೂ ಅದೇ. ಸುಣ್ಣಕ್ಕೆ ಮಾತ್ರ ಹಳದಿಯಾಯಿತು. ಇದರ ಬಣ್ಣ ಆಂಥೋಸಯನಿನ್ ಅಲ್ಲ, ಬೀಟಲೇನ್ ಅನ್ನುವ ಬೇರೆಯೇ ಜಾತಿ. ಪಲ್ಯ ಮಾಡಿ ಮುಗಿಸಿದೆವು. ದ್ರಾಕ್ಷಿಯ ಮೇಲೆ ನನಗೆ ತುಂಬಾ ಆಸೆ ಇತ್ತು. ನಮ್ಮ ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಗುರುತೇ (ಇಂಥ ಊರಿನದು ಅನ್ನುವ ಭೌಗೋಳಿಕ ಗುರುತು) ಇದೆ, ತಿಂದರೆ ನಾಲಿಗೆಯೆಲ್ಲ ನೇರಳೆ. ಆದರೆ ಹಣ್ಣೇ ಹುಳಿ, ರಸ ಮೊದಲಿಗೇ ಕೆಂಪಾಗಿರುತ್ತದೆ. ನಿಂಬೆ ಹಾಕಿದರೆ ಹೊಸದೇನೂ ಕಾಣುವುದಿಲ್ಲ. ತಿರುಳು ತಿಂದು, ಸಿಪ್ಪೆಯನ್ನು ಎರಡು ಸಲ ತೊಳೆದು ಬಿಸಿನೀರಲ್ಲಿ ನೆನೆಸಿದರೆ ಪರವಾಗಿಲ್ಲ, ಸೋಡಕ್ಕೆ ಹಸಿರು-ಬೂದು ಬರುತ್ತದೆ. ದ್ರಾಕ್ಷಿ ಅಗ್ಗವಾಗಿರುವ ದಿನಗಳಲ್ಲಿ ಒಂದು ಸಲ ಮಾಡಿ.

ಇನ್ನು ದಾಸವಾಳ. ಇದಕ್ಕೇ ಎರಡು ಭಾನುವಾರ ಹೋಯಿತು.

ಕೆಂಪು ದಾಸವಾಳದ ಆರು ಹೂ, ಎಸಳು ಮಾತ್ರ ಬಿಡಿಸಿ, ಒಂದು ಲೋಟ ಕುದಿಯುವ ನೀರಿಗೆ. ಹತ್ತು ನಿಮಿಷದಲ್ಲಿ ಎಸಳು ಬಿಳುಚಿಕೊಂಡು ಬಣ್ಣವೆಲ್ಲ ನೀರಿಗಿಳಿಯುತ್ತದೆ. ಲೋಳೆ ಬಿಡುತ್ತದೆ, ಅದಕ್ಕೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಬೇಕು. ಟೀ ಜರಡಿಯಲ್ಲಿ ಇಳಿಯುವುದಿಲ್ಲ. ನಿಂಬೆಗೆ ಕಣ್ಣು ಕೋರೈಸುವ ಗುಲಾಬಿ ಕೆಂಪು, ಮಜ್ಜಿಗೆಗೆ ರೋಸ್ ಮಿಲ್ಕ್ ಬಣ್ಣ, ಸೋಡ ಮತ್ತು ಸೋಪಿಗೆ ಹಸಿರು. ಉಪ್ಪಿನಕಾಯಿಯ ರಸಕ್ಕೂ ಕೆಂಪೇರಿತು. ಮಗನಿಗೆ ಕೊನೆಗೂ ಉತ್ತರ ಸಿಕ್ಕಿತು.

ಆದರೆ ಮೊದಲನೇ ದಿನ ಹೀಗಾಗಲಿಲ್ಲ. ಕಷಾಯವೇ ಮಂಕು ನೀಲಿಯಾಗಿ, ಸ್ವಲ್ಪ ಹಸಿರು ಬೆರೆತಂತೆ ಬಂತು. ಹೂ ಹಳೆಯದಿರಬೇಕು ಅಂದುಕೊಂಡೆ. ಮರುದಿನ ತಾಜಾ ಹೂವಿನಲ್ಲಿ ಮಾಡಿದರೂ ಅದೇ. ಮಗಳೇ ಕಂಡುಹಿಡಿದದ್ದು: "ಅಮ್ಮ, ಶಂಖಪುಷ್ಪಕ್ಕೆ ಕ್ಯಾನ್ ನೀರು ಹಾಕಿದ್ದೆ, ಇದಕ್ಕೆ ನಲ್ಲಿ ನೀರು ಹಾಕಿದ್ದೀಯ." ಹೌದಲ್ಲ! ಎರಡು ಲೋಟ ಪಕ್ಕಪಕ್ಕ ಇಟ್ಟೆವು. ಒಂದರಲ್ಲಿ ಶುದ್ಧ ನೀರಿನ ಘಟಕದಿಂದ ಹಿಡಿದು ತಂದ ಕ್ಯಾನ್ ನೀರು, ಇನ್ನೊಂದರಲ್ಲಿ ನಮ್ಮ ಬಡಾವಣೆಯ ಬೋರ್ ನೀರು. ಎರಡನ್ನೂ ಕುದಿಸಿ, ಮೂರು ಮೂರು ಹೂ ಹಾಕಿದೆವು. ಕ್ಯಾನ್ ನೀರಿನದು ಕೆಂಪು-ನೇರಳೆ, ಬೋರ್ ನೀರಿನದು ಮಂಕು ನೀಲಿ-ಹಸಿರು. ಒಂದೇ ಗಿಡದ ಹೂ.

ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಮ್ಮ ನಂದಿ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ ಅಂತ ಮಕ್ಕಳಿಗೆ ಪಾಠ ಹೇಳುತ್ತೇವೆ. ನಮ್ಮ ನಲ್ಲಿಯಲ್ಲಿ ಬರುವುದು ಮಾತ್ರ ನೂರಾರು ಅಡಿ ಆಳದ ನೀರು. ಅದು ಕಲ್ಲು ಮಣ್ಣಿನ ನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂನ ಬೈಕಾರ್ಬನೇಟ್‌ಗಳನ್ನು ಕರಗಿಸಿಕೊಂಡು ಬರುತ್ತದೆ. ಕುದಿಸಿದಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ನೀರು ಇನ್ನಷ್ಟು ಕ್ಷಾರದ ಕಡೆ ವಾಲುತ್ತದೆ. ಕರಗಿದ್ದ ಕ್ಯಾಲ್ಸಿಯಂ ಕಾರ್ಬೋನೇಟಾಗಿ ಪಾತ್ರೆಗೆ ಅಂಟುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬೆಳ್ಳಗೆ ಕಟ್ಟುವ ಪದರ ಅದೇ. ಮಗಳು ಚಮಚದ ಹಿಡಿಯಿಂದ ಅದನ್ನು ಸ್ವಲ್ಪ ಕೆರೆದು ತಂದಳು. ಅಂಗೈ ಅಗಲದ ತಟ್ಟೆಯಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ನಿಂಬೆ ಹಿಂಡಿದೆವು. ಮೊದಲು ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಸಾಸಿವೆಗಿಂತ ಚಿಕ್ಕವು, ಒಂದರ ಹಿಂದೆ ಒಂದು. ಕಿವಿ ಹತ್ತಿರ ಇಟ್ಟರೆ ಸುರ್ರ್ ಅಂತ ಸಣ್ಣ ಸದ್ದು. ಮೂವರೂ ತಲೆ ತಗ್ಗಿಸಿ ಆ ತಟ್ಟೆಗೇ ಕಿವಿ ಕೊಟ್ಟಿದ್ದೆವು.

ಇದೇ ಎರಡು ನೀರನ್ನು ಅರಿಶಿನದ ಪಟ್ಟಿಗೆ ಹಾಕಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಂಖಪುಷ್ಪ ಎರಡರಲ್ಲೂ ನೀಲಿಯೇ. ತಟಸ್ಥದ ಆಚೀಚೆ ಅದು ನೀಲಿಯಾಗೇ ಇರುತ್ತದೆ. ದಾಸವಾಳ ಮಾತ್ರ ಸಣ್ಣ ವ್ಯತ್ಯಾಸವನ್ನೂ ಹಿಡಿಯಿತು. ನನ್ನ ಲೆಕ್ಕದಲ್ಲಿ ದಾಸವಾಳ ಗೆದ್ದದ್ದು ಇಲ್ಲೇ. ಬಣ್ಣದ ಚೆಂದಕ್ಕೆ ಅಂಕ ಕೊಡುವುದಾದರೆ ಶಂಖಪುಷ್ಪಕ್ಕೇ ಕೊಡಬೇಕು. ನಮ್ಮ ಮನೆಯ ನೀರಿನ ಬಗ್ಗೆ ನಮಗೇ ಗೊತ್ತಿಲ್ಲದ ಒಂದು ವಿಷಯ ತೋರಿಸಿದ್ದು ದಾಸವಾಳ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಈ ಬಣ್ಣದಿಂದ ನೀರು ಕುಡಿಯಲು ಒಳ್ಳೆಯದೋ ಕೆಟ್ಟದ್ದೋ ಅಂತ ಗೊತ್ತಾಗುವುದಿಲ್ಲ. ನಮ್ಮ ಕಡೆ ದೊಡ್ಡ ತೊಂದರೆ ಫ್ಲೋರೈಡ್. ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಅದನ್ನು ಪ್ರಯೋಗಾಲಯದಲ್ಲೇ ನೋಡಿಸಬೇಕು. ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿದೆ, ಇಲ್ಲದಿದ್ದರೆ ಕೆಂಪು ಬಂದ ನೀರೇ ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ.

ದಾಸವಾಳದ ಪರವಾಗಿ ಇನ್ನೊಂದು ಮಾತು. ಎಸಳನ್ನು ಚಾಕುವಿನ ಎರಡೂ ಬದಿಗೆ ಚೆನ್ನಾಗಿ ಉಜ್ಜಿ ಒಣಗಲು ಬಿಡಿ. ಆ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ರಸ ಕೆಂಪಾಗಿ ಇಳಿಯುತ್ತದೆ. ನಿಂಬೆಹಣ್ಣಲ್ಲಿ ರಕ್ತ ಬಂತು, ಯಾರೋ ಮಾಟ ಮಾಡಿಸಿದ್ದಾರೆ ಅಂತ ಹೆದರಿಸಿ ದುಡ್ಡು ಕೀಳುವ ವಿದ್ಯೆ ಇಷ್ಟೇ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ಮಾಡಿದರು. ಅವರ ಊರಿನ ಮಕ್ಕಳಿಗೆ ಈ ಒಂದು ಪ್ರಯೋಗವಾದರೂ ಗೊತ್ತಿರಲಿ ಅಂತ ನನಗೆ ತುಂಬಾ ಆಸೆ. ಅತ್ತೆ ಆ ನಿಂಬೆಹಣ್ಣನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ನಾನು ಚಿಕ್ಕವಳಿದ್ದಾಗ ಇದಕ್ಕೆ ಎಷ್ಟು ಹೆದರಿದ್ದೆ" ಅಂದರು. ಚಾಕು ಹಿಡಿಯುವುದು ದೊಡ್ಡವರ ಕೆಲಸ.

ಸುಣ್ಣವೂ ದೊಡ್ಡವರ ಕೈಯಲ್ಲೇ ಇರಲಿ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸುಣ್ಣ ಬಿಟ್ಟು ಸೋಡದಲ್ಲೇ ಮುಗಿಸಿ, ನಷ್ಟವೇನಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪುಡಿ ಹತ್ತಿರಕ್ಕೂ ತರಬೇಡಿ. ಅವೆರಡು ಸೇರಿದರೆ ವಿಷದ ಗಾಳಿ ಬರುತ್ತದೆ.

ಯಾರಿಗೆ ಯಾವುದು ಅಂತ ಕೇಳಿದರೆ, ಐದಾರು ವರ್ಷದ ಮಗು ಇದ್ದರೆ ಅರಿಶಿನದ ಹಾಳೆಯಿಂದ ಶುರು ಮಾಡಿ. ಒಲೆ ಬೇಡ, ಬಿಸಿನೀರು ಬೇಡ, ಮಗು ತಾನೇ ಬಳಿದು ತಾನೇ ಕತ್ತರಿಸಬಹುದು. ಸೋಪಿನ ನೀರಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಸರು ಬರೆದರೆ ಕೆಂಪಾಗಿ ಮೂಡುತ್ತದೆ. ಹಳೇ ಬಟ್ಟೆ ಹಾಕಿ ಕೂರಿಸಿ. ಮನೆಗೆ ನೆಂಟರ ಮಕ್ಕಳು ಬಂದಾಗ ಶಂಖಪುಷ್ಪ. ಎಂಟು ದಾಟಿದ, ಪ್ರಶ್ನೆ ಕೇಳುವ ಮಕ್ಕಳಿಗೆ ದಾಸವಾಳ, ಅದೂ ಎರಡು ಬೇರೆ ಬೇರೆ ನೀರಲ್ಲಿ. ಕಷಾಯ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ವಾಸನೆ ಬರುತ್ತದೆ. ಕಿಟ್‌ನ ಪಟ್ಟಿಗಳಿಗೂ ಒಂದು ಉಪಯೋಗ ಇದೆ: ಪಿಎಚ್ ಸುಮಾರು ಎಷ್ಟು ಅಂತ ಅಂಕಿ ಬೇಕಾದರೆ ಅವೇ ಬೇಕು, ಹೂವು ಅಂಕಿ ಕೊಡುವುದಿಲ್ಲ. ಆದರೆ ಅದನ್ನು ಮೊದಲ ದಿನವೇ ಬಿಚ್ಚಬೇಡಿ, ಕೊನೆಗೆ ಇಟ್ಟುಕೊಳ್ಳಿ.

ಮಗಳ ನೋಟ್‌ಬುಕ್‌ನಲ್ಲಿ ಈಗ ಮೂರನೇ ಸಾಲು ಖಾಲಿ ಇದೆ. ಕ್ಯಾನ್ ನೀರು, ಬೋರ್ ನೀರು, ಆಮೇಲೆ ಮಳೆ ನೀರು. ಮಾಳಿಗೆ ಮೇಲೆ ತೊಳೆದ ಸ್ಟೀಲ್ ಬಕೆಟ್ ಇಟ್ಟಿದ್ದಾಳೆ. ಪಕ್ಕದ ಕುಂಡದ ದಾಸವಾಳವನ್ನು ಅಜ್ಜಿ ಪೂಜೆಗೂ ಕೀಳಬಾರದು ಅಂತ ಹೇಳಿಟ್ಟಿದ್ದಾಳೆ.